ಬಲಗಾಲಿಯ ಎರಡು ಪ್ಯಾಡುಗಳು

ಆ ಗಾಡಿಯ ಬ್ರೇಕ್ ಪ್ಯಾಡುಗಳನ್ನು ಮೊದಲ ಸಲ ಬದಲಿಸಿದ ಬುಧವಾರದ ಬಗ್ಗೆ ನನ್ನ ದಿನಚರಿಯಲ್ಲಿ ಎರಡೇ ಸಾಲುಗಳಿವೆ. "ರಾಜೂರ ಟೀಚರ್. ಮೂರು ಗಾಲಿ ಮೋಟರ್‌ಸೈಕಲ್. ಆರೂ ಪ್ಯಾಡ್ ಹೊಸವು. ಬಲಗಡೆ ಪಿನ್ ಬಿಗಿ ಇತ್ತು, ಸಡಿಲಿಸಿದೆ." ಅವತ್ತು ಜೊತೆಗೆ ಯಾರು ಬಂದಿದ್ದರು, ಏನು ಮಾತಾಡಿದೆವು, ಹೋಗುವಾಗ ನಾನು ಏನು ಹೇಳಿ ಕಳಿಸಿದೆ, ಒಂದೂ ಇಲ್ಲ. ಅಲ್ಲಿಂದ ಮುಂದಿನ ಹನ್ನೆರಡು ದಿನಗಳನ್ನು ನಾನು ಸಿಟ್ಟಿನಲ್ಲೇ ಕಳೆದೆ. ಆ ಸಿಟ್ಟಿನ ಬಹುಪಾಲು ತಪ್ಪು ಜನರ ಮೇಲೆ ಹೋಯಿತು. ಈಗ ಬರೆಯುತ್ತಿರುವ ಮಾತುಗಳು ಅಕ್ಷರಶಃ ಅವೇ ಎಂದು ಆಣೆ ಮಾಡಲಾರೆ. ಎರಡನೆಯ ವಾರದ ಗುರುವಾರದಿಂದ ಮುಂದಿನವನ್ನು ಮಾತ್ರ ಆಯಾ ದಿನವೇ ಬರೆದಿಟ್ಟಿದ್ದೇನೆ.

ರೋಣದಲ್ಲಿ ನನ್ನದು ಸಣ್ಣ ಗ್ಯಾರೇಜು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆಂದು ಊರವರು ನನ್ನನ್ನು ಮಾಸ್ತರ ಎನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ವಿಚಾರಿಸಿಲ್ಲ. ಟೀಚರ್ ಎರಡೂ ಕಾಲಿಗೆ ಪೋಲಿಯೊ ಆದವರು, ಊರುಗೋಲಿನ ಮೇಲೆ ನಡೆಯುತ್ತಾರೆ. ಗಜೇಂದ್ರಗಡದ ಗುಡ್ಡ ದಾಟಿ ಆಚೆ ಬದಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವ ಅತಿಥಿ ಶಿಕ್ಷಕಿ. ಅವರ ಮೋಟರ್‌ಸೈಕಲ್ಲಿಗೆ ಮುಂದೆ ಒಂದು ಗಾಲಿ, ಹಿಂದೆ ಉದ್ದನೆಯ ಅಚ್ಚಿಗೆ ಎರಡು ಗಾಲಿ. ಮೂರಕ್ಕೂ ಉಕ್ಕಿನ ಬಿಲ್ಲೆಯಂಥ ಡಿಸ್ಕ್ ಇದೆ. ಬ್ರೇಕ್ ಹಿಡಿದಾಗ ಪ್ರತಿ ಡಿಸ್ಕನ್ನೂ ಎರಡು ಪ್ಯಾಡುಗಳು ಎರಡು ಕಡೆಯಿಂದ ಅಮುಕುತ್ತವೆ. ಕಾಲಿನ ಬ್ರೇಕ್ ಇಲ್ಲ. ಬಲಗೈ ಲಿವರ್ ಮುಂದಿನ ಗಾಲಿಗೆ, ಎಡಗೈ ಲಿವರ್ ಹಿಂದಿನ ಎರಡಕ್ಕೂ. ಗುಡ್ಡದ ಇಳಿಜಾರಿನಲ್ಲಿ ಅವರ ಜೀವ ಆ ಎಡಗೈಯಲ್ಲಿರುತ್ತದೆ.

ಆರು ಪ್ಯಾಡುಗಳನ್ನೂ ಹಾಕಿ, ಲಿವರ್ ಗಟ್ಟಿಯಾಗುವ ತನಕ ಒತ್ತಿ, ಬಸ್ ಸ್ಟ್ಯಾಂಡಿನ ತನಕ ಓಡಿಸಿ ನೋಡಿದ್ದೆ. ಬ್ರೇಕ್ ಹಿಡಿದಾಗ ಕಿರ್ರೆಂದಿತ್ತು. ಹೊಸ ಪ್ಯಾಡಿನ ಅಂಚು ಚೂಪಾಗಿದ್ದರೆ ಹಾಗೆ ಆಗುತ್ತದೆ, ಅರದಿಂದ ನಾಲ್ಕು ಸಲ ತೀಡಿದರೆ ನಿಲ್ಲುತ್ತದೆ. ನಾನು ತೀಡಲಿಲ್ಲ. "ನಾಕ್ ದಿನ ಒದರ್ತಾವ್ರಿ, ಆಮ್ಯಾಲ ತಾವ ಸುಮ್ನಾಗ್ತಾವು" ಅಂದೆ. ಇದು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಶನಿವಾರ ಅವರು ಮತ್ತೆ ಬಂದರು.

"ಬ್ರೇಕ್ ಹಿಡದ್ರ ಎಡಕ್ಕ ಎಳೀತೈತ್ರಿ."

"ಲಿವರ್ ಸಮಾ ಹಿಡೀತೀರೇನ್ರಿ?"

"ಕಾಲಷ್ಟ ಹೋಗ್ಯಾವ್ರಿ ಮಾಸ್ತರ, ಕೈ ಅದಾವು."

ಎಡಕ್ಕೆ ಎಳೆಯುತ್ತದೆ ಎಂದರೆ ಎಡಗಾಲಿ ಸರಿಯಾಗಿ ಹಿಡಿಯುತ್ತಿದೆ, ಬಲಗಾಲಿ ಜಾರುತ್ತಿದೆ. ಬಲಗಾಲಿ ಬಿಚ್ಚಿದೆ. ಮೂರೇ ದಿನದ ಪ್ಯಾಡುಗಳ ಮುಖ ಕಪ್ಪು ಗಾಜಿನಂತೆ ಮಿನುಗುತ್ತಿತ್ತು. ಎಣ್ಣೆ ಕುಡಿದಿವೆ ಎಂದು ಮುಟ್ಟಿದರೆ ಗೊತ್ತಾಗುತ್ತಿತ್ತು. ಎಣ್ಣೆ ಎಲ್ಲಿಂದ ಬಂತು ಎಂದು ನೋಡಬೇಕಿತ್ತು. ಆದರೆ ನೋಡುವ ಮೊದಲೇ ಪೆಟ್ರೋಲ್ ಡಬ್ಬಿ ಎತ್ತಿಕೊಂಡು ಡಿಸ್ಕು, ಪ್ಯಾಡನ್ನು ಹಿಡಿದಿರುವ ಕ್ಯಾಲಿಪರ್, ಅಚ್ಚಿನ ತುದಿ, ಎಲ್ಲವನ್ನೂ ತೊಳೆದುಬಿಟ್ಟೆ. ಆಕರವನ್ನು ಮುಟ್ಟುವ ಮೊದಲು ಅದು ಇದ್ದಂತೆ ಬರೆದುಕೊಳ್ಳಬೇಕೆಂದು ಧಾರವಾಡದಲ್ಲಿ ಎರಡು ವರ್ಷ ಪಾಠ ಕೇಳಿದ್ದೆ. ಗ್ಯಾರೇಜಿನ ಕೈಗೆ ಆ ಪಾಠ ಇಳಿದಿರಲಿಲ್ಲ. ತೊಳೆದ ಮೇಲೆ ಹುಡುಕಿದರೆ ಎಲ್ಲ ಕಡೆಯೂ ಪೆಟ್ರೋಲಿನದೇ ಒದ್ದೆ. ಕ್ಯಾಲಿಪರ್ ಒಳಗಿನ ಪಿಸ್ಟನ್ ಸೀಲ್ ಸರಿ ಇತ್ತು. ಅಚ್ಚಿನ ಗ್ರೀಸ್ ಸೀಲ್ ತುಸು ಜಿನುಗಿದಂತೆ ಕಂಡಿತು, ಅಥವಾ ಕಾಣಲಿ ಎಂದು ನಾನೇ ಬಯಸಿದೆ. ಅದನ್ನು ಬದಲಿಸಿ, ಬಲಕ್ಕೆ ಮತ್ತೆರಡು ಹೊಸ ಪ್ಯಾಡ್ ಹಾಕಿ ಕಳಿಸಿದೆ.

ಮಂಗಳವಾರ ಗುಡ್ಡ ಇಳಿಯುವಾಗ ಗಾಡಿ ಎಡಕ್ಕೆ ತಿರುಗಿತು. ಎಡಗಾಲಿ ನೆಲ ಬಿಟ್ಟಿತು. ರಸ್ತೆ ಕೆಲಸಕ್ಕೆಂದು ಸುರಿದಿದ್ದ ಖಡಿಯ ರಾಶಿಗೆ ಮುಂದಿನ ಗಾಲಿ ಹೊಕ್ಕು ನಿಂತಿತು. ಅದರಾಚೆ ಇಳಿಜಾರು, ಕಲ್ಲು. ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದ ಮಕ್ಕಳು ನೋಡಿದರು, ಟೀಚರಿಗಿಂತ ಮೊದಲೇ ಸುದ್ದಿ ಹೆಡ್‌ಮಾಸ್ತರರನ್ನು ಮುಟ್ಟಿತು.

ಬುಧವಾರ ಟೀಚರ ತಮ್ಮ ತಾನು ಬಾಡಿಗೆಗೆ ಓಡಿಸುವ ಸರಕಿನ ಟಂಟಂ ಮೇಲೆ ಗಾಡಿಯನ್ನು ಹೇರಿಕೊಂಡು ಗ್ಯಾರೇಜಿಗೆ ಬಂದ. ಟೀಚರ್ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೊಣಕೈ ಕೆತ್ತಿಹೋಗಿತ್ತು.

"ಸಾಕ್ ಮಾಡ್ರಿ ಮಾಸ್ತರ. ಇದಕ್ಕೊಂದ ಗಿರಾಕಿ ನೋಡ್ರಿ" ಅಂದ ತಮ್ಮ.

"ನನ್ನ ಗಾಡಿಗಿ ಗಿರಾಕಿ ನೋಡಂತ ನಿನಗ ಯಾರ ಹೇಳ್ಯಾರ?" ಟೀಚರ್ ಅವನ ಕಡೆ ತಿರುಗಲೂ ಇಲ್ಲ.

"ಮತ್ತ ಸಾಯಿ."

"ಸಾಲಿಗಿ ದಿನಾ ನೀ ಬಿಟ್ಟ ಬರ್ತಿ?"

ಅವನು ಹಗ್ಗ ಬಿಚ್ಚತೊಡಗಿದ. ಶಾಲೆಯ ಹೊತ್ತಿಗೇ ಅವನಿಗೆ ದಿನಾ ಬಾಡಿಗೆ. ಟೀಚರ್ ನನಗೆ ವಿಷಯ ಹೇಳಿದರು. ಗಾಡಿ ಸುರಕ್ಷಿತ ಇದೆ ಎಂದು ಮೆಕ್ಯಾನಿಕ್ ಕಡೆಯಿಂದ ಪತ್ರ ಬರೆಸಿಕೊಂಡು ಸೋಮವಾರ ಬರಬೇಕು, ಬರದಿದ್ದರೆ ಬೇರೆಯವರ ಹೆಸರು ಕಳಿಸುತ್ತೇನೆ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಅತಿಥಿ ಶಿಕ್ಷಕರನ್ನು ಬದಲಿಸಲು ಅದಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ಬಲಗಾಲಿ ಬಿಚ್ಚಿದೆ. ಅದೇ ಕಪ್ಪು ಗಾಜು. ನನಗೆ ತಲೆ ಕೆಟ್ಟಿತು. ಸೀಲ್ ಹೊಸದು, ಪಿಸ್ಟನ್ ಒಣಗಿದೆ, ಹಾಗಾದರೆ ಪ್ಯಾಡೇ ಖೊಟ್ಟಿ, ನಕಲಿ ಮಾಲು. ಬಿಸಿಯಾದಾಗ ಒಳಗಿನ ಅಂಟು ಕರಗಿ ಮುಖಕ್ಕೆ ಬರುತ್ತಿದೆ. ಈ ತೀರ್ಮಾನಕ್ಕೆ ಬರಲು ನನಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು.

ಗುರುವಾರ ಯಾವಗಲ್ ಊರಿನ ಮೇಲೆ ಹಾಯ್ದು ಹೋಗುವ ಬಸ್ಸಿಗೆ ನರಗುಂದಕ್ಕೆ ಹೋದೆ. ಈ ಅಳತೆಯ ಪ್ಯಾಡ್ ಸುತ್ತಲಿನಲ್ಲಿ ಸಿಗುವುದು ಅಲ್ಲಿನ ಒಂದೇ ಬಿಡಿಭಾಗದ ಅಂಗಡಿಯಲ್ಲಿ. ಅಂಗಡಿಯ ಯಜಮಾನನನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಟ್ರ್ಯಾಕ್ಟರಿನವರು, ಪಂಪ್‌ಸೆಟ್ಟಿನವರು ಗಲ್ಲಾಕ್ಕೆ ಒತ್ತಿ ನಿಂತಿದ್ದರು. ನಾನು ಎಲ್ಲರ ತಲೆಯ ಮೇಲಿಂದ ಪ್ಯಾಡುಗಳನ್ನು ಗಲ್ಲಾದ ಮೇಲೆ ಎಸೆದೆ.

"ಡುಪ್ಲಿಕೇಟ್ ಮಾಲ್ ಮಾರಿ ಹೆಣ್ಮಕ್ಕಳ ಜೀವಾ ತಗೀತೀರಿ."

ಚಾಚಾ ಪ್ಯಾಡ್ ಎತ್ತಿ ಬೆಳಕಿಗೆ ಹಿಡಿದರು. "ಮಾಸ್ತರ, ದನಿ ಇಳಸ್ರಿ. ನಮ್ಮ ಅಬ್ಬಾ ಕುಂತ ಜಾಗಾ ಇದು. ಯಾರೂ ಹಿಂಗ ಅಂದಿಲ್ಲ."

"ಅನ್ನೂ ಹಂಗ ಮಾಡಿದ್ರ ಅಂತಾರ."

"ಎಡಗಾಲಿಗಿ ಹಾಕೀರಲ್ಲ, ಅವೂ ನಮ್ಮ ಅಂಗಡಿವ ಏನು?"

"ಹೌದು."

"ಅವು ಹ್ಯಾಂಗದಾವು?"

ಅವು ಚೆನ್ನಾಗಿದ್ದವು. ಒಂದೇ ಡಬ್ಬಿಯಿಂದ ಬಂದವು. ಈ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡಿರಲಿಲ್ಲ ಎಂಬುದು ಗೊತ್ತಾದ ಕೂಡಲೇ ನನ್ನ ದನಿ ಇನ್ನೂ ಏರಿತು. ಏನೇನು ಅಂದೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಒಬ್ಬ ಮುದುಕರು ಪ್ಯಾಡುಗಳನ್ನು ನನ್ನ ಕಿಸೆಗೆ ಹಾಕಿ, ತೋಳು ಹಿಡಿದು ನನ್ನನ್ನು ಹೊರಗೆ ತಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಾಚೆ ಕಪ್ಪು ಮಣ್ಣಿನ ಎರಿ ಹೊಲಗಳನ್ನು ನೋಡುತ್ತ ಕೂತಿದ್ದೆ. ಎಡಗಡೆಯವು ಚೆನ್ನಾಗಿವೆ, ಬಲಗಡೆಯವು ಕೆಟ್ಟಿವೆ. ಅದೇ ಡಬ್ಬಿ, ಅದೇ ಕೈ, ಅದೇ ರಸ್ತೆ, ಅದೇ ಧೂಳು. ರಸ್ತೆಯ ಮೇಲೆ ಎರಡೂ ಗಾಲಿಗಳ ಬದುಕು ಒಂದೇ. ಬೇರೆಯಾಗುವುದಾದರೆ ಅದು ಓಡದೆ ನಿಂತಿರುವ ಹೊತ್ತಿನಲ್ಲಿ. ಗಾಡಿಯನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡು ಇನ್ನು ಎಷ್ಟು ಸಲ ಬಿಚ್ಚಿದರೂ ಅದು ಗೊತ್ತಾಗದು. ಅದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ನಾನು ಹೋಗಬೇಕು.

ಸಂಜೆ ಬಲಗಾಲಿಯ ಡಿಸ್ಕನ್ನು ಉಪ್ಪುಕಾಗದದಿಂದ ತಿಕ್ಕಿ ಒಣಗಿಸಿದೆ. ಹಳೆಯ ಪ್ಯಾಡುಗಳನ್ನೇ ತಿಕ್ಕಿ ಕೂರಿಸಿ, ತಮ್ಮನ ಟಂಟಂನಲ್ಲಿ ಗಾಡಿಯನ್ನು ರಾಜೂರಿಗೆ ಕಳಿಸಿದೆ. ಟೀಚರಿಗೆ ಫೋನ್ ಮಾಡಿ ಹೇಳಿದೆ: "ದಿನಾ ಹ್ಯಾಂಗ ನಿಂದರಸ್ತೀರಿ ಹಂಗ ನಿಂದರಸ್ರಿ. ನಾಳೆ ದಿನದಂಗ ತಯಾರಾಗ್ರಿ. ಆದ್ರ ಗಾಡಿ ಹತ್ತಬ್ಯಾಡ್ರಿ."

"ಇದೇನ್ ನಾಟಕ್ರಿ?"

"ನನಗೂ ಗೊತ್ತಿಲ್ರಿ."

ಶುಕ್ರವಾರ ಮೊದಲ ಬಸ್ಸಿಗೆ ಹೋದೆ. ಬಿಸಿಲು ಆಗಷ್ಟೇ ಗೋಡೆಗಳ ಮೇಲೆ ಹತ್ತುತ್ತಿತ್ತು. ಅವರ ಮನೆಯ ಅಂಗಳ ಕಿರಿದು. ಗಾಡಿಯ ಎಡಮಗ್ಗುಲು ಗೋಡೆಗೆ ಆತುಕೊಂಡಿತ್ತು, ನಡುವೆ ಕೈ ಹೋಗುವಷ್ಟೂ ಜಾಗವಿಲ್ಲ. ಮುಂದಿನ ಗಾಲಿಯ ಡಿಸ್ಕೂ ಗೋಡೆಯ ಕಡೆಗೇ ಇತ್ತು. ಕೈಗೆ ಸಿಗುವುದು ಬಲಗಾಲಿ ಒಂದೇ. ಬಚ್ಚಲಿನಲ್ಲಿ ನೀರಿನ ಸದ್ದು. ನಾನು ಬಾಗಿಲಿನ ಹೊರಗೇ ನಿಂತೆ.

ಟೀಚರ ಅಪ್ಪ ಹೊರಗೆ ಬಂದರು. ಕೈಯಲ್ಲಿ ಒಂದು ಬಿದಿರಿನ ಕೊಳವೆ, ಅದರಲ್ಲಿ ಕೋಳಿಯ ಗರಿ. ಮಂಡಿಗೆ ಕೈ ಕೊಟ್ಟು ಬಲಗಾಲಿಯ ಪಕ್ಕ ಕೂತರು. ಗರಿಯನ್ನು ಅದ್ದಿ, ಡಿಸ್ಕಿನ ಸುತ್ತ ಒಮ್ಮೆ ಎಳೆದು, ಪ್ಯಾಡುಗಳ ಸಂದಿಗೆ ನಾಲ್ಕು ಹನಿ ಬಿಟ್ಟರು. ಕೂಸಿನ ಕಿವಿಗೆ ಎಣ್ಣೆ ಬಿಡುವವರ ಹಾಗೆ, ಅಷ್ಟು ಹುಷಾರಾಗಿ.

"ಏನ್ ಮಾಡಾಕತ್ತೀರ್ರಿ?" ನನ್ನ ದನಿ ಓಣಿಗೆಲ್ಲ ಕೇಳಿಸಿರಬೇಕು.

ಅವರು ಬೆಚ್ಚಲಿಲ್ಲ. "ಬರ್ರಿ ಮಾಸ್ತರ, ಚಾ ಕುಡೀರಿ. ಗಾಲಿ ಅಳಾಕತ್ತಿತ್ತು. ಕೀಲೆಣ್ಣಿ ಬಿಡಾಕತ್ತೀನಿ. ದಿನಾ ಬಿಡ್ತೀನಿ, ಖರೇ ಅಂದ್ರ ಅರ್ಧಾ ಕಡಿಮಿ ಆಗೈತಿ."

ಅರ್ಧ ಕಡಿಮೆ. ಗೋಡೆಯ ಕಡೆಯ ಗಾಲಿಗೆ ಕೈ ಹೋಗುತ್ತಿರಲಿಲ್ಲ, ಅದಕ್ಕೆ ಅರ್ಧ.

ಇದು ನಮ್ಮ ಕಡೆಯವರಿಗಲ್ಲದೆ ಬೇರೆಯವರಿಗೆ ಹೊಳೆಯದ ತಪ್ಪು. ಎತ್ತಿನ ಚಕ್ಕಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಬಿಡುವುದು ಮನೆಯ ಹಿರಿಯನ ಕೆಲಸ. ಗಾಲಿ ಕಿರುಗುಡುತ್ತ ಹೊರಟರೆ ನಾಚಿಕೆಪಡಬೇಕಾದವರು ಮನೆಯವರು, ಗಾಡಿಯಲ್ಲ. ನನ್ನ ಅಜ್ಜನೂ ಹಾಗೆಯೇ ಬಿಡುತ್ತಿದ್ದ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ.

"ಇದು ಚಕ್ಕಡಿ ಅಲ್ರಿ. ಅಲ್ಲಿ ಎಣ್ಣಿ ಬಿದ್ರ ಬ್ರೇಕ್ ಹಿಡಿಯೂದಿಲ್ಲ. ಮಂಗಳವಾರ ನಿಮ್ಮ ಮಗಳು ಸಾಯ್ತಿದ್ಲು."

ಅವರು ಗರಿಯನ್ನು ಕೊಳವೆಗೆ ಹಾಕಿದರು. ಮತ್ತೆ ತೆಗೆದರು. ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಅಷ್ಟರಲ್ಲಿ ಟೀಚರ್ ಒದ್ದೆ ಕೂದಲಿನಲ್ಲಿ ಊರುಗೋಲು ಊರುತ್ತ ಬಾಗಿಲಿಗೆ ಬಂದಿದ್ದರು. ನಾನು ಹೇಳಿದ್ದು ಅವರಿಗೆ ಕೇಳಿತ್ತು.

"ಯಾಕ ಹಚ್ಚಿದಿ ಅಪ್ಪಾ?"

"ಒಬ್ಬಾಕಿ ಹೋಗ್ತಿ. ಗಾಲಿ ಒದರಿದ್ರ ದಾರ್ಯಾಗ ಎಲ್ಲಾರೂ ಹೊಳ್ಳಿ ನೋಡ್ತಾರ."

"ನೋಡ್ಲಿ. ಸಣ್ಣಾಕಿ ಇದ್ದಾಗಿಂದ ನೋಡ್ಯಾರ. ಒದರಿದ್ರೂ ನೋಡ್ತಾರ, ಒದರದಿದ್ರೂ ನೋಡ್ತಾರ."

ಅವರು ಅಪ್ಪನ ಮೇಲೆ ಕೂಗಾಡಲಿಲ್ಲ. ನನ್ನ ಕಡೆ ತಿರುಗಿದರು.

"ಮಾಸ್ತರ, ಒದರ್ತಾವು ಅಂತ ಹೇಳಿದ್ರಿ. ಎಣ್ಣಿ ಹಚ್ಚಬ್ಯಾಡ್ರಿ ಅಂತ ಯಾಕ ಹೇಳಲಿಲ್ಲ?"

"ಬ್ರೇಕಿಗಿ ಎಣ್ಣಿ ಹಚ್ಚಬ್ಯಾಡ್ರಿ ಅಂತ ಯಾರಿಗರೆ ಹೇಳ್ತಾರೇನ್ರಿ?"

"ನಮ್ಮಂಥ ಮನ್ಯಾಗ ಹೇಳಬೇಕಾಗ್ತೈತಿ. ನೀವೂ ಈ ಕಡೆಯವರ ಅದೀರಿ."

ಅಪ್ಪ ಮೆಲ್ಲಗೆ ಅಂದರು, "ಎಣ್ಣಿನೂ ನಿಮ್ಮ ಅಂಗಡಿ ಮುಂದಿನ ಡಬ್ಬಿದ ಐತ್ರಿ. ಕೇಳಿದೆ, ತಗೋರಿ ಅಂದ್ರಿ."

ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಗ್ಯಾರೇಜಿನ ಮುಂದೆ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಚಕ್ಕಡಿಗೆ, ಕುಂಟೆಗೆ, ಬಾಗಿಲಿಗೆ ಎಂದು ರೈತರು ಒಯ್ಯುತ್ತಾರೆ. ಕೇಳಿದವರಿಗೆ ತಲೆಯಾಡಿಸುತ್ತೇನೆ. ಪ್ಯಾಡ್ ಹಾಕಿಸಿದ ಆ ಮೊದಲ ಬುಧವಾರ ಇವರು ಮಗಳ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರಂತೆ. ಎಷ್ಟು ಯೋಚಿಸಿದರೂ ಇವರ ಮುಖ ನನಗೆ ನೆನಪಾಗಲಿಲ್ಲ. ನನ್ನ ಎದುರು ನಿಂತು ಮಾತಾಡಿದ ಮನುಷ್ಯ ನೆನಪಿಲ್ಲ, ಬಲಗಡೆ ಪಿನ್ ಬಿಗಿ ಇದ್ದದ್ದು ದಿನಚರಿಯಲ್ಲಿದೆ. ಅವತ್ತು ಚಹಾ ಕುಡಿಯದೆ ಬಂದೆ. ಸಿಟ್ಟು ಹಾಗೇ ಇತ್ತು. ಅದನ್ನು ಇಳಿಸಲು ಇನ್ನೊಬ್ಬರು ಉಳಿದಿರಲಿಲ್ಲ, ಅಷ್ಟೇ.

ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ತಿಕ್ಕಿದರೂ ನಂಬುವಂತಿಲ್ಲ. ಹೊಸವು ಬೇಕು, ಅವು ಇರುವುದು ಚಾಚಾ ಅಂಗಡಿಯಲ್ಲಿ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋದೆ, ಯಾರೂ ಇರಬಾರದೆಂದೇ. ತಪ್ಪು ನನ್ನದು ಎಂದು ಹೇಳತೊಡಗಿದೆ. ಚಾಚಾ ಕೈ ಎತ್ತಿ ತಡೆದರು.

"ಗುರುವಾರ ಎಷ್ಟ ಮಂದಿ ಇದ್ರು?"

"ಎಂಟ್ ಹತ್ತ ಮಂದಿ."

"ಈಗ ಒಬ್ಬರೂ ಇಲ್ಲ. ಕೂಡ್ರಿ. ಮಂದಿ ಬರ್ಲಿ."

ಸ್ಟೂಲಿನ ಮೇಲೆ ಕೂತೆ. ಅವರು ಊದುಬತ್ತಿ ಹಚ್ಚಿದರು, ಗಲ್ಲಾ ಒರೆಸಿದರು, ಬಂದವರಿಗೆ ಬೋಲ್ಟು, ಬೆಲ್ಟು ಕೊಟ್ಟರು. ಎದ್ದು ಹೋಗಬೇಕೆಂದು ಎರಡು ಸಲ ಅನ್ನಿಸಿತು. ಸೋಮವಾರ ನೆನಪಾಗಿ ಕೂತೆ. ಅಂಗಡಿ ತುಂಬಿದ ಮೇಲೆ ಚಾಚಾ ಪ್ಯಾಡಿನ ಡಬ್ಬಿಯನ್ನು ಗಲ್ಲಾದ ಮೇಲಿಟ್ಟು ಅಂದರು, "ಹಾಂ ಮಾಸ್ತರ, ಏನೋ ಹೇಳಾಕ ಬಂದಿದ್ರಿ."

ನಿಂತು ಹೇಳಿದೆ. ಮಾಲು ಖೊಟ್ಟಿ ಅಲ್ಲ, ಚಕ್ಕಡಿಯ ಹಾಗೆ ಬ್ರೇಕಿಗೆ ಎಣ್ಣೆ ಬಿಟ್ಟಿದ್ದರು, ಎಣ್ಣೆ ಕೊಟ್ಟವನು ನಾನೇ. ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನಕ್ಕ. "ಭಾಳ ಚಲೋ ಆತು. ಗಾಲಿಗಿ ಕುಂಕುಮಾನೂ ಹಚ್ಚಿದ್ರೇನ್ರಿ?" ಚಾಚಾ ನಗಲಿಲ್ಲ. "ನಮ್ಮ ಅಬ್ಬಾ ಸೈಕಲ್ ರಿಮ್ಮಿಗಿ ಕೊಬ್ಬರಿ ಎಣ್ಣಿ ಒರಸ್ತಿದ್ರು, ಹೊಳೀಲಿ ಅಂತ. ಎರಡ ಸರ್ತಿ ಬಾವ್ಯಾಗ ಬೀಳೂದು ತಪ್ಪೈತಿ" ಎಂದು ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಭಾನುವಾರ ರಾಜೂರಿನ ಅಂಗಳದಲ್ಲಿ ಗಾಡಿಯನ್ನು ಗೋಡೆಯಿಂದ ಈಚೆ ತಂದು, ಅಚ್ಚಿನ ಕೆಳಗೆ ಜ್ಯಾಕ್ ಕೊಟ್ಟೆ. ಬೋಲ್ಟ್ ಬಿಚ್ಚುವ ಪಾನಾ ಎತ್ತಿಕೊಳ್ಳುವಷ್ಟರಲ್ಲಿ ಟೀಚರ್ ಗೋಣಿಚೀಲ ಹಾಸಿಕೊಂಡು ಬಲಗಾಲಿಯ ಎದುರು ಕೂತಿದ್ದರು.

"ನಾ ಮಾಡ್ತೀನಿ. ನೀವು ಹೇಳ್ರಿ."

ಹೊತ್ತಾಗುತ್ತದೆ ಅಂದೆ. ಆಗಲಿ ಅಂದರು. ನೆಲದ ಮೇಲೆ ಕೂತವರಿಗೆ ಆ ಕೆಲಸ ಸರಿಯಾದ ಎತ್ತರದಲ್ಲಿರುತ್ತದೆ ಎಂದು ನನಗೆ ಇಷ್ಟು ವರ್ಷ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡರೂ ಹೊಳೆದಿರಲಿಲ್ಲ. ಗಾಲಿ ಬಿಚ್ಚಿದರು. ಪ್ಯಾಡಿನ ಪಿನ್ ಅಂಟಿತ್ತು, ನಾನು ಕೈ ಚಾಚಿದೆ. "ಕೈ ತಗೀರಿ" ಅಂದರು. ಮೂರು ಸಲ ಪಾನಾ ಜಾರಿ ಗೆಣ್ಣು ಕೆತ್ತಿತು, ನಾಲ್ಕನೆಯದಕ್ಕೆ ಪಿನ್ ತಿರುಗಿತು. ಹಳೆಯ ಪ್ಯಾಡ್ ತೆಗೆದು, ಬ್ರೇಕ್ ಎಣ್ಣೆಯ ಮುಚ್ಚಳ ಬಿಚ್ಚಿ, ಕಟ್ಟಿಗೆಯ ಬೆಣೆಯಿಂದ ಪಿಸ್ಟನ್ನನ್ನು ನಿಧಾನ ಒಳಗೆ ಒತ್ತಿದರು. ಡಿಸ್ಕನ್ನು ಸೋಪಿನ ನೀರಿನಿಂದ ತೊಳೆದು, ಒರೆಸಿ, ಉಪ್ಪುಕಾಗದ ಹಿಡಿದರು. ಹೊಸ ಪ್ಯಾಡುಗಳ ಅಂಚನ್ನು ಅರದಿಂದ ತೀಡಲು ಈ ಸಲ ಹೇಳಿದೆ. ಲಿವರ್ ಮೊದಲು ಮೆತ್ತಗೆ ಒಳಗೆ ಹೋಯಿತು, ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಎಡಗಾಲಿಯನ್ನೂ, ಮುಂದಿನದನ್ನೂ ಬಿಚ್ಚಿ ಅವರೇ ನೋಡಿದರು.

ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಕೊನೆಗೆ ಕೇಳಿದರು, "ಹಂಗಾರ ಇದಕ್ಕ ಎಲ್ಲೂ ಎಣ್ಣಿ ಬಿಡೂದ ಇಲ್ಲೇನ್ ಮತ್ತ?"

ಟೀಚರ್ ಚೈನ್ ತೋರಿಸಿದರು. "ಇಲ್ಲಿ ಬಿಡು. ನಾ ಎದರಿಗಿ ಇದ್ದಾಗ."

ಮಧ್ಯಾಹ್ನ ಗುಡ್ಡಕ್ಕೆ ಹೋದೆವು. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಸಲ ಮೆಲ್ಲಗೆ ಬ್ರೇಕ್ ಹಿಡಿದು ಪ್ಯಾಡುಗಳನ್ನು ಡಿಸ್ಕಿಗೆ ಹೊಂದಿಸಿದ ಮೇಲೆ, ಹಿಂದಿನ ಸೀಟಿನಿಂದ ನನ್ನನ್ನು ಕೆಳಗೆ ಇಳಿಸಿ ಅವರು ಒಬ್ಬರೇ ಮೇಲೆ ಹೋದರು. ನಾನು ಸುಣ್ಣದ ಕಲ್ಲಿನಿಂದ ರಸ್ತೆಗೆ ಅಡ್ಡ ಗೆರೆ ಎಳೆದು ಬದಿಗೆ ನಿಂತೆ. ಮೂರು ಸಲ ಇಳಿದರು, ಪ್ರತಿ ಸಲ ಮೊದಲಿಗಿಂತ ವೇಗವಾಗಿ. ಮೂರನೆಯ ಸಲ ಹಿಂದಿನ ಎರಡು ಟೈರುಗಳ ಗುರುತುಗಳು ಗೆರೆಯ ತನಕ ಸಮಾನಾಂತರವಾಗಿ ಬಂದು ನಿಂತವು. ಟೀಚರ್ ತಿರುಗಿ ಅವನ್ನು ನೋಡಿದರು, ಲೆಕ್ಕ ತಿದ್ದುವವರ ಹಾಗೆ.

ನಾನು ಕಿಸೆಯಿಂದ ಪತ್ರ ತೆಗೆದುಕೊಟ್ಟೆ. ಗ್ಯಾರೇಜಿನ ಬಿಲ್ ಹಾಳೆಯ ಮೇಲೆ ರಾತ್ರಿಯೇ ಬರೆದು ಸಹಿ ಮಾಡಿದ್ದೆ. ಅವರು ಓದಿ ಮಡಚಿ ವಾಪಸ್ ಕೊಟ್ಟರು.

"ಇದು ನಿನ್ನೆ ಬರದದ್ದು. ಪರೀಕ್ಷಿಸಿದ್ದೇನೆ ಅಂತ ಐತಿ. ಪ್ಯಾಡ್ ಹಾಕಿದ್ದು ಇವತ್ತ."

"ಒಂದ ದಿನದ್ದೇನ್ರಿ ಅದರಾಗ."

"ಹಿಂದಿನ ಎರಡ ಸರ್ತಿನೂ ನೀವ ಪರೀಕ್ಷಾ ಮಾಡಿದ್ರಿ, ಮಾಸ್ತರ."

ನನಗೆ ಮತ್ತೆ ಸಿಟ್ಟು ಬಂತು. ಹನ್ನೆರಡು ದಿನದಲ್ಲಿ ಬಂದ ಎಲ್ಲ ಸಿಟ್ಟುಗಳಲ್ಲಿ ಇದೊಂದೇ ಅದನ್ನು ಎಬ್ಬಿಸಿದವರ ಮೇಲೆಯೇ ಬಂದಿತ್ತು. ಆದರೆ ಅವರು ಹೇಳಿದ್ದು ಸರಿ ಇತ್ತು. ಪತ್ರವಿಲ್ಲದೆ ನಾಳೆ ಹೇಗೆ ಹೋಗುತ್ತೀರಿ ಎಂದೆ. ಪತ್ರ ಒಯ್ಯುತ್ತೇನೆ ಅಂದರು.

ಸೋಮವಾರ ಮಧ್ಯಾಹ್ನದ ತನಕ ಫೋನ್ ಬರಲಿಲ್ಲ. ನಾನೇ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

"ಹೆಡ್‌ಮಾಸ್ತರು ಏನಂದ್ರ್ರಿ?"

"ಪತ್ರ ಓದಿದ್ರು. ಮೂರೂ ಗಾಲಿ ಬಿಚ್ಚಿದ್ದು, ಪ್ಯಾಡ್ ಹಾಕಿದ್ದು, ಗುಡ್ಡದ ಮ್ಯಾಲ ಮೂರ ಸರ್ತಿ ನೋಡಿದ್ದು, ಎಲ್ಲಾ ನಾನ ಬರದಿದ್ದೆ. ಇದರಾಗ ಮೆಕ್ಯಾನಿಕ್ ಸಹಿ ಎಲ್ಲೈತಿ ಅಂದ್ರು."

"ನೀವೇನಂದ್ರಿ?"

"ಕೆಳಗ ನಂದ ಐತಲ್ರಿ ಸರ, ನೋಡ್ರಿ ಅಂದೆ."

"ಆಮ್ಯಾಲ?"

"ಆಮ್ಯಾಲೇನು, ನನ್ನ ಮಾರಿ ನೋಡಿದ್ರು, ಸಹಿ ನೋಡಿದ್ರು. ಅಷ್ಟರಾಗ ಗಂಟಿ ಆತು. ನಾ ಎಂಟನೇತ್ತೆ ಕ್ಲಾಸಿಗಿ ಹೋದೆ."